ಬೆಳೆದ ಇಲಿಗೆ ಕಾಲರಾ ಬರುವುದಿಲ್ಲವಾದರೆ ಲಸಿಕೆಯನ್ನು ಪರೀಕ್ಷಿಸುವುದು ಹೇಗೆ?

ಪ್ರಶ್ನೆ (ಉಪನ್ಯಾಸಕಿ, ಕಾರವಾರ): ಕಾಳಿ ನದಿಯ ಅಳಿವೆಯಂಥ ಸವಳು ನೀರಿನಲ್ಲಿ ಕಾಲರಾ ರೋಗಾಣುವೂ ಸೇರಿದ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾಗಳು ಸಹಜವಾಗಿಯೇ ಬದುಕುತ್ತವೆ ಎಂದು ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಮೇಲಿನ ಪ್ರಶ್ನೆ ಕೇಳಿದಳು. ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1 (ಪಶುವೈದ್ಯ, ಶಿರಸಿ): ಮೇಡಂ, ಬೆಳೆದ ಇಲಿಗೆ ಬಾರದಿದ್ದರೂ ಎಳೆಯ ಮರಿಗೆ ಸೋಂಕು ತಗಲುತ್ತದೆ. ಹಾಗಾಗಿ ಸಾಮಾನ್ಯವಾಗಿ ತಾಯಿ ಇಲಿಗೆ ಬಾಯಿಯ ಮೂಲಕ ಲಸಿಕೆ ಕೊಟ್ಟು, ಅದು ಹಾಕಿದ ಕೆಲವೇ ದಿನಗಳ ಮರಿಗಳಿಗೆ ರೋಗಾಣುವನ್ನು ಕುಡಿಸುತ್ತಾರೆ. ತಾಯಿಯ ಹಾಲಿನಲ್ಲಿ ಬಂದ ಪ್ರತಿಕಾಯಗಳು ಮರಿಯ ಕರುಳಿನಲ್ಲಿ ರೋಗಾಣು ನೆಲೆಯೂರದಂತೆ ತಡೆದರೆ ಲಸಿಕೆಗೆ ಬಲವಿದೆ ಎಂದರ್ಥ. ಆದರೆ ಇಲಿಮರಿಯಲ್ಲಿ ಮನುಷ್ಯರಂತೆ ನೀರು ನೀರಾದ ಭೇದಿ ಕಾಣುವುದಿಲ್ಲ. ಅದನ್ನು ನೋಡಲು ಮೊಲದ ಮರಿಯೇ ಬೇಕು.

ಉತ್ತರ 2 (ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಕುಮಟಾ): ಮೊಲದ ಮಾತು ಬಂದಾಗ ವಿಜ್ಞಾನಿ ಶಂಭುನಾಥ ಡೇ ಅವರನ್ನು ನೆನೆಯಲೇಬೇಕು. 1950ರ ದಶಕದಲ್ಲಿ ಕಲ್ಕತ್ತೆಯಲ್ಲಿ ಅವರು ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ತುದಿಗೆ ದಾರದಿಂದ ಕಟ್ಟಿ, ನಡುವೆ ರೋಗಾಣುವನ್ನು ಚುಚ್ಚಿದರು; ಮರುದಿನದ ಹೊತ್ತಿಗೆ ಆ ಭಾಗ ಅಕ್ಕಿ ತೊಳೆದ ನೀರಿನಂಥ ದ್ರವ ತುಂಬಿ ಉಬ್ಬಿತ್ತು. ರೋಗಾಣುವನ್ನು ಬೆಳೆಸಿ, ಆಮೇಲೆ ಅದನ್ನು ಸೋಸಿ ತೆಗೆದ ದ್ರವವೂ ಅದೇ ಪರಿಣಾಮ ಬೀರುತ್ತದೆಂದು 1959ರಲ್ಲಿ ತೋರಿಸಿ, ಕಾಲರಾ ವಿಷದ ಇರುವಿಕೆಯನ್ನು ಅವರು ಸಾಬೀತುಪಡಿಸಿದರು. ಇಷ್ಟು ಸರಳ ಪ್ರಯೋಗಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲವೆಂಬುದು ನನ್ನ ಅಭಿಪ್ರಾಯ.

ಉಪನ್ಯಾಸಕಿ: ಧನ್ಯವಾದಗಳು ಸರ್. ಹಾಗಾದರೆ ಮರಿಗಳ ಫಲಿತಾಂಶವನ್ನು ಮನುಷ್ಯರಿಗೂ ಅನ್ವಯಿಸಬಹುದೇ?

ಉತ್ತರ 1: ನೇರವಾಗಿ ಆಗದು. ಹಾಲಿನಿಂದ ಬಂದ ರಕ್ಷಣೆ ಮರಿಯ ಸ್ವಂತದ್ದಲ್ಲ, ಅದು ಎಷ್ಟು ವರ್ಷ ಉಳಿಯುತ್ತದೆಂಬುದೂ ಅಲ್ಲಿ ತಿಳಿಯದು. ಬಾಯಿಯ ಮೂಲಕ ಕೊಡುವ, ಎರಡು ಡೋಸ್‌ಗಳ ಶಾಂಕಾಲ್ ಎಂಬ ಕಾಲರಾ ಲಸಿಕೆ ಐದು ವರ್ಷಗಳ ಅವಧಿಯಲ್ಲಿ ಸುಮಾರು 65% ರಕ್ಷಣೆ ನೀಡಿತೆಂಬುದು ಗೊತ್ತಾದದ್ದು ಕೋಲ್ಕತ್ತದ ಜನರ ನಡುವೆ ನಡೆದ ಪರೀಕ್ಷೆಯಿಂದಲೇ.