ಸಹಾಯ ಬೇಕು: ಕಸೂತಿ ಗೋಪುರ ಉದ್ದಾಗಾಕತ್ತೈತಿ

ಬಾಗಲಕೋಟಿ, ಇಳಕಲ್ ಕಡೆ ಕಸೂತಿ ಬಲ್ಲ ಅಕ್ಕಾರು ಯಾರರ ಇದ್ರ ಹೇಳ್ರಿ.

ಮಗಳ ಲಂಗದ ಅಂಚಿಗೆ ಗೋಪುರ, ನಡುವ ಆನೆ. ಗೋಪುರಕ್ಕ ಗವಂತಿ (ಒಂದ್ ಬಿಟ್ಟು ಒಂದ್ ಹಾಕೊಂತ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬೋ ಹೊಲಿಗಿ, ಎರಡೂ ಬಾಜು ಒಂದ ಥರ ಕಾಣತೈತಿ), ಆನೆ ಮೈ ತುಂಬಾಕ ನೇಯ್ಗಿ (ನೇಯ್ದಂಗ ಕಾಣೋ ಸಾಲು ಹೊಲಿಗಿ). ಬಿಳಿ ಕಾಟನ್ ಬಟ್ಟಿ, ಎರಡೆಳಿ ದಾರ. ಎರಡೂ ಕಡೆ ನಾಲ್ಕು ನಾಲ್ಕು ಎಳಿ ಎಣಿಸಿ ಹಾಕಿದ್ರೂ ಗೋಪುರ ಮ್ಯಾಲಕ್ಕ ಎಳದಂಗ ಕಾಣತೈತಿ. ಕಾರಣ ಬಟ್ಟಿದ: ಇಂಚಿಗೆ ಹಾಸಿನ (ನೆಟ್ಟಗಿರೋ) ಎಳಿ 60, ಹೊಕ್ಕಿನ (ಅಡ್ಡ ಇರೋ) ಎಳಿ 48. ಹಾಸಿನ ಎಳಿ ದಾಟೋ ಅಡ್ಡ ಹೊಲಿಗಿಗೆ ಐದು, ಹೊಕ್ಕಿನ ಎಳಿ ದಾಟೋ ಉದ್ದ ಹೊಲಿಗಿಗೆ ನಾಲ್ಕು ಎಣಿಸಿದ್ರ ಗವಂತಿ ಚೌಕ ಬರತೈತಿ, ಓರೆ ಗೆರಿನೂ ಸರಿ. ಆದ್ರ ನೇಯ್ಗಿಯೊಳಗ ಐದರ ಲೆಕ್ಕ ಹಿಡದ್ರ ದಾರ ಸಡ್ಲ ಬಿದ್ದು ಮಕ್ಕಳ ಕಾಲ್ಗೆಜ್ಜಿಗೆ ಸಿಗತೈತಿ. ಆನೆಗೆ ಬ್ಯಾರೆ ಲೆಕ್ಕ ಹಿಡೀಬೇಕೋ, ಇಲ್ಲಾ ಮೂರೆಳಿ ದಾರ ಹಾಕಬೇಕೋ?

ಮ್ಯಾಲ ಜಾಳಿಗಿ ಬಟ್ಟಿ ಟಾಕಿ, ಅದರ ಕಣ್ಣು ಹಿಡಕೊಂಡು ಕಸೂತಿ ಹೊಲದು, ಆಮ್ಯಾಲ ಅದರ ಎಳಿ ಎಳದು ತೆಗಿಯೋ ಪದ್ಧತಿ ಗೊತ್ತೈತಿ. ಅದ್ರಾಗ ಹೊಲಿಗಿ ಬಿಗಿ ಹಿಡೀದಿದ್ರ ಕಡೀಕ ಎಲ್ಲಾ ಸಡ್ಲ. ಹುಡುಗರು ಸಾಲಿಗೆ ಹೋದಾಗ ಸಿಗೋ ಒಂದ್ ತಾಸಿನ್ಯಾಗ ಎಳಿ ಎಣಿಸೋದಕ್ಕಿಂತ ಅದ ಚಲೋ ಅನಸತೈತಿ.

ಇನ್ನೊಂದು: ಗವಂತಿ ತಿರುಗಿ ಬರುವಾಗ ಗೋಪುರದ ಕವಲು ಮೊದಲ ಮುಗಿಸ್ಕೊಂಡು ಬರಬೇಕು, ಇಲ್ಲಂದ್ರ ಹಿಂದ ದಾರ ಜಿಗದು ಉಲ್ಟಾ ಬಾಜು ಕೆಡತೈತಿ. ಕಳಸದ ಮೂರು ಕವಲಿಗೆ ದಾರ ಹೆಂಗ ತಿರುಗಿಸ್ತೀರಿ? ಕಾಗದದ ಮ್ಯಾಲ ಬಾಣ ಹಾಕಿ ಫೋಟೋ ಕಳಿಸಿದ್ರ ಭಾಳ ಉಪಕಾರ ಆಗತೈತ್ರಿ.