ಸಹಾಯ ಬೇಕು: ಮನೆ ಸಾಲಕ್ಕೆ 60 ದಿನದ ನೋಟಿಸ್ ಬಂದಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ. 2018ರಲ್ಲಿ ಪೇಟೆಯಲ್ಲೇ ಸಣ್ಣ ಮನೆ ಕಟ್ಟಲು 14 ಲಕ್ಷ ಸಾಲ ಮಾಡಿದ್ದೆ. ತೋಟದ ಅಡಿಕೆ ನಂಬಿಕೊಂಡೇ ಕಂತು ಕಟ್ಟುತ್ತಿದ್ದೆ. ಎಲೆಚುಕ್ಕೆ ರೋಗ ಬಂದು ಫಸಲು ಅರ್ಧಕ್ಕೆ ಇಳಿಯಿತು, ಐದು ಕಂತು ಬಾಕಿ ಬಿತ್ತು. ಈಗ ಸರ್ಫೇಸಿ ಕಾಯ್ದೆಯ (ಸಾಲ ಕಟ್ಟದಿದ್ದರೆ ಬ್ಯಾಂಕ್ ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿ ವಶಕ್ಕೆ ತೆಗೆದುಕೊಳ್ಳಬಹುದಾದ ಕಾಯ್ದೆ) 13(2) ನೋಟಿಸ್ ಬಂದಿದೆ. 60 ದಿನದೊಳಗೆ ಪೂರ್ತಿ ಸಾಲ, ಅಂದರೆ 11 ಲಕ್ಷ 40 ಸಾವಿರ ಕಟ್ಟಬೇಕಂತೆ. 19 ದಿನ ಆಗಲೇ ಕಳೆಯಿತು. ಅಮ್ಮ ಆ ಲಕೋಟೆಯನ್ನು ದೇವರ ಗೂಡಿನಲ್ಲಿ ಕುಂಕುಮದ ಭರಣಿ ಕೆಳಗೆ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ತೆಗೆದು ನೋಡಿ ಮತ್ತೆ ಅಲ್ಲೇ ಇಡುತ್ತಾರೆ.

ಬ್ಯಾಂಕಿಗೆ ಮೂರು ಸಲ ಹೋದೆ. ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಿ ಅಂದರೆ, ಖಾತೆ ಎನ್‌ಪಿಎ (ಕಂತು ಬಾರದೆ ನಿಂತ ಸಾಲ) ಆಗಿದೆ, ಶಿವಮೊಗ್ಗದಲ್ಲಿ ಕೇಳಿ ಅಂದರು. ಅಲ್ಲಿ ಒನ್ ಟೈಮ್ ಸೆಟಲ್‌ಮೆಂಟ್, ಅಂದರೆ ಮಾತಾಡಿ ಒಪ್ಪಿದ ಮೊತ್ತ ಕಟ್ಟಿ ಸಾಲ ಮುಗಿಸೋದು, ಮಾಡಿಕೊಳ್ಳಿ ಅಂತಾರೆ. ಒಂದೇ ಸಲ ಅಷ್ಟು ದುಡ್ಡು ಎಲ್ಲಿಂದ ತರೋದು? ಮನೆ ನಾವೇ ಮಾರೋಣ ಅಂದರೂ ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ಮಾರೋಕೆ ಮನಸ್ಸೂ ಇಲ್ಲ.

ಅಕ್ಕ ಬಳೆ ಬಿಚ್ಚಿ ಕೊಟ್ಟಿದ್ದಾಳೆ. ಅದನ್ನು ಅಡವಿಟ್ಟು, ಅಡಿಕೆ ಮಂಡಿಯಲ್ಲಿ ಮುಂಗಡ ತಂದರೆ ಐದು ಕಂತು ಬಡ್ಡಿ ಸಮೇತ ಕಟ್ಟಬಹುದು. ಬಾಕಿ ಪೂರ್ತಿ ತೀರಿದರೆ ಖಾತೆ ಎನ್‌ಪಿಎಯಿಂದ ಹೊರಗೆ ಬರಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆದರೆ ನೋಟಿಸ್ ಕೇಳುತ್ತಿರೋದು ಪೂರ್ತಿ ಸಾಲ. ನನಗೆ ಗೊಂದಲ ಇಲ್ಲೇ. ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕ್ 15 ದಿನದಲ್ಲಿ ಉತ್ತರ ಕೊಡಬೇಕು ಅನ್ನೋದೂ ಗೊತ್ತಾಯಿತು.

ಬಾಕಿ ಕಂತು ಮಾತ್ರ ಕಟ್ಟಿ ನೋಟಿಸ್ ವಾಪಸ್ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಮೊದಲು ಆಕ್ಷೇಪಣೆ ಪತ್ರ ಕೊಡಬೇಕಾ, ಇಲ್ಲಾ ಮೊದಲು ದುಡ್ಡು ಕಟ್ಟಬೇಕಾ? ದಯವಿಟ್ಟು ತಿಳಿಸಿ.