ಆರ್‌ಎಕ್ಸ್ 100ಗೆ ಹಾಟ್ ಪ್ಲಗ್ ಹಾಕಬಹುದಾ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದಿಂದ): ಅಣ್ಣಾ, ಅಪ್ಪನ ಕಾಲದ ಯಮಹಾ ಆರ್‌ಎಕ್ಸ್ 100 ಬೈಕ್ ಈಗ ನನ್ನ ಕೈಗೆ ಬಂದಿದೆ. ಓಡಿಸುವುದು ಊರೊಳಗೆ ಮಾತ್ರ, ದಿನಕ್ಕೆ ಹೆಚ್ಚೆಂದರೆ 8–10 ಕಿಲೋಮೀಟರ್. 300 ಕಿಲೋಮೀಟರ್ ಆಗುವಷ್ಟರಲ್ಲಿ ಸ್ಪಾರ್ಕ್ ಪ್ಲಗ್ (ಎಂಜಿನ್ ಒಳಗೆ ಕಿಡಿ ಹಾರಿಸುವುದು) ಕರಿ ಹಿಡಿದು ಒದ್ದೆಯಾಗಿರುತ್ತದೆ. ಬೆಳಿಗ್ಗೆ ಕಿಕ್ ಹೊಡೆದೂ ಹೊಡೆದೂ ಕಾಲು ಬೀಳುತ್ತದೆ. ಸದ್ಯ ಹಾಕಿರುವುದು ಎನ್‌ಜಿಕೆ ಕಂಪನಿಯ ಬಿಪಿ8ಎಚ್‌ಎಸ್. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ "ಒಂದು ನಂಬರ್ ಹಾಟ್ ಹಾಕಿ, ಸ್ಪಾರ್ಕ್ ಜೋರಾಗಿ ಬರುತ್ತೆ" ಅಂದರು. ಹಾಟ್ ಅಂದ್ರೆ 9 ಅಲ್ವಾ? ಗೆಳೆಯ 7 ಅಂತಾನೆ. ಯಾರ ಮಾತು ಕೇಳಲಿ?

ಮೆಕ್ಯಾನಿಕ್: ನಂಬರ್ ವಿಷಯದಲ್ಲಿ ಗೆಳೆಯನ ಮಾತು ಸರಿ. ಸ್ಪಾರ್ಕ್ ವಿಷಯದಲ್ಲಿ ಅಂಗಡಿಯವರ ಮಾತು ತಪ್ಪು.

ಹಾಟ್, ಕೋಲ್ಡ್ ಅನ್ನುವುದಕ್ಕೂ ಸ್ಪಾರ್ಕ್ ಎಷ್ಟು ಜೋರು ಅನ್ನುವುದಕ್ಕೂ ಸಂಬಂಧವೇ ಇಲ್ಲ. ಪ್ಲಗ್ ತಿರುಗಿಸಿ ಒಳಗಿನ ಬಿಳಿ ಪಿಂಗಾಣಿ ನೋಡಿ. ಆ ಮೂಗು ಉದ್ದ ಇದ್ದರೆ ಬಿಸಿ ಎಂಜಿನ್ ಹೆಡ್‌ಗೆ (ಪ್ಲಗ್ ಕೂರುವ ಮೇಲಿನ ಭಾಗ) ಇಳಿಯುವ ದಾರಿಯೂ ಉದ್ದ, ತುದಿ ಬಿಸಿಯಾಗೇ ಉಳಿಯುತ್ತದೆ. ಅದು ಹಾಟ್ ಪ್ಲಗ್. ಮೂಗು ಗಿಡ್ಡ ಇದ್ದರೆ ಬಿಸಿ ಬೇಗ ಇಳಿದುಹೋಗುತ್ತದೆ. ಅದು ಕೋಲ್ಡ್. ತುದಿ ಸುಮಾರು 450 ಡಿಗ್ರಿ ದಾಟಿದರೆ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850ರ ಮೇಲೆ ಹೋದರೆ ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲ್‌ಗೆ ಬೆಂಕಿ ಹತ್ತಿಸೋಕೆ ಶುರು ಮಾಡುತ್ತದೆ. ಇವೆರಡರ ನಡುವೆ ಇರಬೇಕು, ಅಷ್ಟೇ ಲೆಕ್ಕ.

ಗೊಂದಲ ಇರುವುದು ನಂಬರಿನಲ್ಲಿ. ಎನ್‌ಜಿಕೆ, ಡೆನ್ಸೊ ಎರಡರಲ್ಲೂ ನಂಬರ್ ಏರಿದಂತೆ ಪ್ಲಗ್ ಕೋಲ್ಡ್. ಬಾಷ್, ಚಾಂಪಿಯನ್‌ನಲ್ಲಿ ಉಲ್ಟಾ, ನಂಬರ್ ಏರಿದಂತೆ ಹಾಟ್. ಇನ್ನೂ ತಮಾಷೆ ಅಂದ್ರೆ ನಮ್ಮ ಬೆಂಗಳೂರಿನ ಹಳೇ ಮೈಕೋ (ಬಾಷ್‌ನದೇ ಇಲ್ಲಿನ ಕಂಪನಿ) ಪ್ಲಗ್‌ಗಳು. ಆಗ ಡಬ್ಲ್ಯೂ 175, ಡಬ್ಲ್ಯೂ 225 ಅಂತ ಬರುತ್ತಿದ್ದವು, ದೊಡ್ಡ ನಂಬರೇ ಕೋಲ್ಡ್. ಆಮೇಲೆ 175 ಹೋಗಿ 7 ಆಯಿತು, 225 ಹೋಗಿ 5 ಆಯಿತು. ಎಲ್ಲ ತಲೆಕೆಳಗು! ಹಳಬರು ಒಂದು ಹೇಳುವುದು, ಹುಡುಗರು ಒಂದು ಹೇಳುವುದು ಇದೇ ಕಾರಣಕ್ಕೆ.

ಈಗ ನಿಮ್ಮ ಗಾಡಿ. ಪ್ಲಗ್ ಬದಲಾಯಿಸುವ ಮೊದಲು ಬಿಚ್ಚಿ, ಆ ಒದ್ದೆಯನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿ. ಬರೀ ಪೆಟ್ರೋಲ್ ವಾಸನೆ ಬಂದು ಬೇಗ ಆರಿದರೆ ಕಾರ್ಬ್ಯುರೇಟರ್ ಉಕ್ಕುತ್ತಿದೆ, ಇಲ್ಲವೇ ಸ್ಪಾರ್ಕ್ ತಪ್ಪುತ್ತಿದೆ. ಜಿಡ್ಡಾಗಿದ್ದು ಆರದಿದ್ದರೆ ಆಯಿಲ್ ಜಾಸ್ತಿ ಹೋಗುತ್ತಿದೆ. ಟೂ ಸ್ಟ್ರೋಕ್ ಆಯಿಲ್ (ಪೆಟ್ರೋಲ್ ಜೊತೆ ಸೇರಿ ಉರಿಯುವ ಆಯಿಲ್) ಪಂಪಿನ ಕೇಬಲ್ ನೋಡಿ. ಗೇರ್ ಆಯಿಲ್ ಮಟ್ಟವನ್ನೂ ನೋಡಿ. ಅದು ಇಳಿಯುತ್ತಿದ್ದು ಬಿಳಿ ಹೊಗೆ ಜಾಸ್ತಿ ಇದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ ಅಂತ ಲೆಕ್ಕ. ಅದಕ್ಕೆ ಯಾವ ಪ್ಲಗ್ಗೂ ಮದ್ದಲ್ಲ.

ಪ್ರಶ್ನೆ (ಹಾಸನ): ಮೂಸಿ ನೋಡ್ತೀನಿ. ಆದ್ರೂ ಸುಮ್ನೆ 7 ಹಾಕಿದ್ರೆ ಏನಾಗುತ್ತೆ?

ಮೆಕ್ಯಾನಿಕ್: ಊರೊಳಗೆ ಓಡಾಡುವವರೆಗೆ ಏನೂ ಆಗಲ್ಲ, ಬಹುಶಃ ಆರಾಮಾಗೇ ಓಡುತ್ತದೆ. ಆಮೇಲೆ ಒಂದು ದಿನ ಇಬ್ಬರು ಕೂತು ಮಂಗಳೂರಿಗೆ ಹೋಗ್ತೀರಿ. ವಾಪಸ್ ಬರುವಾಗ ಬಿಸಿಲಲ್ಲಿ ಶಿರಾಡಿ ಘಾಟ್ ಹತ್ತಬೇಕು. ಪ್ಲಗ್ ಗಾಡಿಗೆ ಬೇಕಾದ್ದಕ್ಕಿಂತ ಹಾಟ್ ಆಗಿದ್ದರೆ ಅಲ್ಲಿ ಪಿಸ್ಟನ್ ತಲೆಗೇ ತೂತು ಬೀಳಬಹುದು. ಮ್ಯಾನುಯಲ್‌ನಲ್ಲಿ ಯಾವ ನಂಬರ್ ಇದೆಯೋ ಅದನ್ನೇ ಹಾಕಿ. ಅಷ್ಟಾದರೂ ಮಸಿ ಹಿಡಿದರೆ ಆಗ ಮಾತಾಡೋಣ.

ಪ್ರಶ್ನೆ (ದಾವಣಗೆರೆಯಿಂದ): ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಆ ಬಿಪಿ, ಎಚ್, ಎಸ್ ಅಕ್ಷರಗಳೆಲ್ಲ ಮುಖ್ಯಾನಾ? ನಂಬರ್ ಒಂದು ಸರಿ ಇದ್ರೆ ಸಾಲದಾ?

ಮೆಕ್ಯಾನಿಕ್: ಸಾಲದು. ಎನ್‌ಜಿಕೆಯಲ್ಲಿ ಮೊದಲ ಅಕ್ಷರ ಬಿ ಅಂದ್ರೆ ಮರೆ (ಪ್ಲಗ್ಗಿನ ಥ್ರೆಡ್) 14 ಮಿಲಿಮೀಟರ್ ದಪ್ಪ, ಡಿ ಅಂದ್ರೆ 12, ಸಿ ಅಂದ್ರೆ 10. ಇದು ತಪ್ಪಿದರೆ ಪ್ಲಗ್ ಕೂರುವುದೇ ಇಲ್ಲ, ಹಾಗಾಗಿ ಅಪಾಯ ಕಮ್ಮಿ. ಅಪಾಯ ಇರುವುದು ಮರೆಯ ಉದ್ದದಲ್ಲಿ. ಎಚ್ ಅಂದ್ರೆ 12.7 ಮಿಲಿಮೀಟರ್, ಇ ಅಂದ್ರೆ 19. ಎರಡೂ ಒಂದೇ ತೂತಿಗೆ ನೀಟಾಗಿ ಹೋಗುತ್ತವೆ!

ನಾನು ಕೆಲಸ ಕಲಿಯುವಾಗ ಇದೇ ತಪ್ಪು ಮಾಡಿದ್ದೆ. ಗಿಡ್ಡ ಪ್ಲಗ್ ಹಾಕಬೇಕಾದ ಹೆಡ್‌ಗೆ ಕೈಗೆ ಸಿಕ್ಕಿದ ಉದ್ದದ್ದು ಹಾಕಿ ಕಿಕ್ ಹೊಡೆದೆ. ಟಕ್ ಅಂತ ಒಂದೇ ಸದ್ದು. ಬಿಚ್ಚಿ ನೋಡಿದರೆ ಕೆಳಗಿನ ಕೊಂಡಿ ಚಪ್ಪಟೆಯಾಗಿ ನಡುವಿನ ತುದಿಗೆ ಅಂಟಿಕೊಂಡಿದೆ, ಪಿಸ್ಟನ್ ಮೇಲೆ ಉಗುರು ಗೀರಿದ ಹಾಗೆ ಗುರುತು. ಗ್ಯಾರೇಜಿನ ಯಜಮಾನರು ಬೈಯಲಿಲ್ಲ. ಆ ಪ್ಲಗ್ ಅನ್ನು ದಾರ ಕಟ್ಟಿ ಗೋಡೆಗೆ ನೇತುಹಾಕಿದರು. ಬಂದವರೆಲ್ಲ ಕೇಳೋರು, ನಾನೇ ಕಥೆ ಹೇಳಬೇಕಿತ್ತು.

ಇನ್ನು ಕೋಡಿನಲ್ಲಿ ಆರ್ ಇದ್ದರೆ ಒಳಗೆ ರೆಸಿಸ್ಟರ್ ಇದೆ ಅಂತ. ಫ್ಯೂಯಲ್ ಇಂಜೆಕ್ಷನ್ ಇರುವ ಗಾಡಿಗೆ ಮ್ಯಾನುಯಲ್‌ನಲ್ಲಿ ಆರ್ ಇರುವುದು ಹೇಳಿದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಗಾಡಿಯ ಕಂಪ್ಯೂಟರಿಗೆ ತೊಂದರೆ ಕೊಡಬಹುದು.

ಪ್ರಶ್ನೆ (ದಾವಣಗೆರೆ): ನಂದು ಪಲ್ಸರ್ 150 ಡಿಟಿಎಸ್‌-ಐ. ಇರಿಡಿಯಂ ಹಾಕಿಸಿದ್ರೆ ಪಿಕಪ್ ಬರುತ್ತಾ?

ಮೆಕ್ಯಾನಿಕ್: ಪಿಕಪ್ ಬರಲ್ಲ. ಇರಿಡಿಯಂ ತುದಿ ತೆಳು, ಅರ್ಧ ಮಿಲಿಮೀಟರ್ ಆಸುಪಾಸು. ಕಮ್ಮಿ ವೋಲ್ಟೇಜಿಗೇ ಸ್ಪಾರ್ಕ್ ಬರುತ್ತದೆ, ಬೇಗ ಸವೆಯಲ್ಲ. ಜಾಸ್ತಿ ಓಡಿಸುವವರಿಗೆ ದುಡ್ಡಿಗೆ ಮೋಸವಿಲ್ಲ. ಆದರೆ ನಿಮ್ಮ ಗಾಡಿಯಲ್ಲಿ ಎರಡು ಪ್ಲಗ್ ಇವೆ, ಖರ್ಚೂ ಎರಡರಷ್ಟು. ಸುಲಭವಾಗಿ ಸಿಗುವ ಒಂದನ್ನು ಬದಲಾಯಿಸಿ ಇನ್ನೊಂದನ್ನು ಹಾಗೇ ಬಿಟ್ಟ ಪಲ್ಸರ್‌ಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ಹಾಕಿದರೆ ಎರಡೂ ಹಾಕಿ. ಇರಿಡಿಯಂ ತುದಿಗೆ ಸ್ಯಾಂಡ್ ಪೇಪರ್, ವೈರ್ ಬ್ರಷ್ ಮುಟ್ಟಿಸಬೇಡಿ.

ಎಂಜಿನ್ ತಣ್ಣಗಿದ್ದಾಗಲೇ ಬಿಚ್ಚಿ. ಹೊಸ ಪ್ಲಗ್ ಅನ್ನು ಬೆರಳಲ್ಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು ಸಾಕು. ಹಳೆಯದನ್ನೇ ವಾಪಸ್ ಹಾಕುವುದಾದರೆ ವಾಷರ್ ಆಗಲೇ ಚಪ್ಪಟೆ ಆಗಿರುತ್ತದೆ, ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಜರುಗುವಷ್ಟು ಮಾತ್ರ. ಹೆಡ್ ಅಲ್ಯುಮಿನಿಯಂ, ತೋಳಿನ ಬಲ ತೋರಿಸಿದರೆ ಮರೆ ಕಿತ್ತು ಬರುತ್ತದೆ.

ಪ್ರಶ್ನೆ ಕೇಳಿದವರು (ಹಾಸನ, ಮೂರು ವಾರದ ನಂತರ): ಅಣ್ಣಾ, ಮೂಸಿ ನೋಡಿದೆ. ಜಿಡ್ಡೇ. ಗೇರ್ ಆಯಿಲ್ ಸರಿ ಇತ್ತು. ಪಂಪಿನ ಕೇಬಲ್ ಅನ್ನು ಯಾರೋ ಜಾಸ್ತಿ ಎಳೆದು ಕಟ್ಟಿದ್ದರು. ಮ್ಯಾನುಯಲ್ ನೋಡಿ ಮಾರ್ಕ್‌ಗೆ ಕೂರಿಸಿದೆ. ಅದೇ 8 ನಂಬರ್ ಪ್ಲಗ್ ಒರೆಸಿ ಹಾಕಿದ್ದೀನಿ. ನಿನ್ನೆ ಬಿಚ್ಚಿ ನೋಡಿದರೆ ಹಾಲು ಹಾಕಿದ ಕಾಫಿ ಬಣ್ಣ. ಎರಡನೇ ಕಿಕ್‌ಗೆ ಸ್ಟಾರ್ಟ್.

ಮೆಕ್ಯಾನಿಕ್: ಬಣ್ಣ ಸರಿಯಾಗಿದೆ. ಕೇಬಲ್ ಮುಟ್ಟಿದ್ದೀರಿ, ಅದಕ್ಕೆ ಇನ್ನೊಂದು ತಿಂಗಳು ಆಯಿಲ್ ಟ್ಯಾಂಕ್ ಮೇಲೆ ಕಣ್ಣಿಡಿ. ಪೆಟ್ರೋಲ್ ಹಾಕಿಸಿದಾಗೆಲ್ಲ ಅದೂ ಸ್ವಲ್ಪ ಸ್ವಲ್ಪ ಇಳಿಯುತ್ತಿರಬೇಕು. ಇಳಿಯುತ್ತಲೇ ಇಲ್ಲ ಅಂದ್ರೆ ಗಾಡಿ ನಿಲ್ಲಿಸಿ ನನಗೆ ಹೇಳಿ.